ಎಡ ಬುಟ್ಟಿ

ಮುಕಾ ಊರಿನ ಮೀನುಕಟ್ಟೆಗೆ ಬೆಳಗಿನ ಐದಕ್ಕೆ
ದೋಣಿಗಳು ಒಂದೊಂದಾಗಿ ಅಳಿವೆ ದಾಟಿ ಬರುವಾಗ
ಸಾಗೋ ಹಿಟ್ಟಿನ ಹುಳಿವಾಸನೆ ಆ ಕಡೆ, ಡೀಸೆಲ್ ಈ ಕಡೆ;
ನಡುವೆ ನಾನು, ಒಂದು ಮಡಚುಮೇಜು,
ಎರಡು ಫ್ಲಾಸ್ಕು ಬಿಸಿನೀರು, ಸ್ಪಿರಿಟ್ಟಿನ ಸೀಸೆಗಳು.

ರಬೈಯಾ ಅಜ್ಜಿ ತೊರಕೆ ಮೀನಿನ ಹೊಟ್ಟೆ ಸೀಳುತ್ತಾಳೆ.
ರೆಕ್ಕೆ ಗಿರಾಕಿಗೆ,
ಬಾಲದ ಮುಳ್ಳು ಡಬ್ಬಕ್ಕೆ,
ಕರುಳು ನನಗೆ.
"ತಗೋ ಹಮ್ಸಿಯಾ, ನಿನ್ನ ಪಾಲು,"
ಮದುವೆಮನೆಯಲ್ಲಿ ಎರಡನೇ ಸಲ ಬಡಿಸುವವರ ಹಾಗೆ.

ನೇರ ಕರುಳಲ್ಲ ಇದು. ಒಳಗೆ
ದೀಪಸ್ತಂಭದ ಮೆಟ್ಟಿಲಿನಂತೆ ಸುತ್ತು ಮೇಲೆ ಸುತ್ತು.
ಕತ್ತರಿಯಿಂದ ಬಿಡಿಸಿದರೆ ಮೆಟ್ಟಿಲಿಗೊಂದು ಬಿಡಾರ:
ಅಕ್ಕಿನುಚ್ಚಿಗಿಂತ ಚಿಕ್ಕವು, ಗೇಣುದ್ದದವು,
ಬಿಳಿಬಿಳಿ ಲಾಡಿಗಳು,
ಯಾವ ಪೈಜಾಮದಿಂದಲೂ ಕಳಚಿ ಬಿದ್ದವಲ್ಲ.

ಬಾಯಿಲ್ಲ, ಹೊಟ್ಟೆಯಿಲ್ಲ, ಮೈಯೆಲ್ಲ ನಾಲಿಗೆ.
ಇನ್ನೊಬ್ಬರ ಊಟದೊಳಗೇ ಮನೆ ಮಾಡಿದವರಿಗೆ
ಬಾಯಿ ಯಾಕೆ?
ತಲೆಯೊಂದು ಬೇಕು, ಹಿಡಿದುಕೊಳ್ಳಲಿಕ್ಕೆ.
ತಲೆಗೆ ನಾಲ್ಕು ಎಸಳು, ಎಸಳಿಗೊಂದು ಜೋಡಿ ಕೊಕ್ಕೆ.
ಕೆಲವಕ್ಕೆ ಕೊಕ್ಕೆಯಿಲ್ಲ, ಎಸಳೇ ಕೋಣೆಕೋಣೆಯಾಗಿ ಗೋಡೆಗೆ ಅಂಟುತ್ತದೆ.
ಇನ್ನು ಕೆಲವು ನಾಲ್ಕು ಮುಳ್ಳುಹಗ್ಗ ಬಿಸುಡುತ್ತವೆ,
ಸಾಕೆನಿಸಿದರೆ ಒಳಗೆ ಸೇದಿಕೊಳ್ಳುತ್ತವೆ.

ನಾಲ್ಕು ಎಸಳಿನವನ್ನೆಲ್ಲ ನಮ್ಮ ಹಿರಿಯರು
ಒಂದೇ ಗಣವೆಂದು ಬರೆದಿಟ್ಟರು.
ಮನೆಯಲ್ಲೊಂದು ಹಳೇ ಟ್ರಂಕು ಇರುತ್ತದಲ್ಲ,
ಎಲ್ಲಿಡಬೇಕೋ ತಿಳಿಯದ್ದನ್ನೆಲ್ಲ ತುರುಕುವುದು, ಅಂಥದ್ದು.
ನಮ್ಮ ಕಾಲಕ್ಕೆ ಡಿಎನ್ಎ ಬಂದು ಮುಚ್ಚಳ ತೆಗೆಯಿತು.
ಅಕ್ಕತಂಗಿಯರೆಂದು ಒತ್ತಿಟ್ಟವರಿಗೆ ಪರಿಚಯವೇ ಇಲ್ಲ;
ಈ ಕೊಕ್ಕೆಯವಳ ಹತ್ತಿರದ ನೆಂಟರು
ಉಪ್ಪನ್ನೇ ಕಾಣದ ಹೊಳೆಗಳಲ್ಲಿ,
ಮೀಸೆಮೀನಿನ ಹೊಟ್ಟೆಯಲ್ಲಿ, ಹಾವಿನ ಹೊಟ್ಟೆಯಲ್ಲಿ.
ಯಾವಾಗ ಬೇರೆಯಾದರು, ಯಾರು ಯಾರ ಮನೆ ಬಿಟ್ಟರು?
ಮೆದುಮೈ ಕಲ್ಲಾಗುವುದು ಅಪರೂಪ.
ಜಗಳದ ಕಾಗದಪತ್ರ ಉಳಿದಿಲ್ಲ.

ಮಾರ್ಚಿಯಲ್ಲಿ ಎರಡು ತೊರಕೆ ಬಂದವು.
ಒಂದೇ ಕಂದು ಬೆನ್ನು, ಒಂದೇ ಚಾಟಿಬಾಲ;
ಪುಸ್ತಕದಲ್ಲೂ ಒಂದೇ ಹೆಸರು.
ಅಜ್ಜಿ ಒಂದನ್ನು ಎಡ ಬುಟ್ಟಿಗೆ, ಒಂದನ್ನು ಬಲ ಬುಟ್ಟಿಗೆ ಹಾಕಿದಳು.
ನಾನು ಎರಡನ್ನೂ ಒಂದೇ ಸಾಲಲ್ಲಿ ಬರೆದೆ.
ರಾತ್ರಿ ಸೂಕ್ಷ್ಮದರ್ಶಕದ ಕೆಳಗೆ
ಎಡದ ಹುಳುಗಳಿಗೆ ಕೊಕ್ಕೆ ಉದ್ದ, ಬಲದವಕ್ಕೆ ಮೋಟು,
ಒಂದಾದರೂ ತಪ್ಪಿ ಪಕ್ಕದ ಮನೆಗೆ ಹೋಗಿರಲಿಲ್ಲ.
ನಾಲ್ಕು ತಿಂಗಳ ಮೇಲೆ ಕುಚಿಂಗಿನಿಂದ ಫಲಿತಾಂಶ:
ಹುಳು ಎರಡು ಪ್ರಭೇದ. ಮೀನೂ ಎರಡು.

ಓಡಿಹೋಗಿ ಹೇಳಿದೆ.
ಕತ್ತಿ ಮಸೆಯುತ್ತಿದ್ದವಳು ತಲೆಯೆತ್ತಲಿಲ್ಲ.
"ಬುಟ್ಟಿ ಬೇರೆ ಮಾಡಿದ್ದೆನಲ್ಲ?
ಇದರ ಮಾಂಸ ನಿಂಬೆ ಹಿಂಡಿ ಹಸಿಯಾಗಿ ತಿನ್ನಬಹುದು,
ಉಮೈಗೆ ಚೆನ್ನ.
ಅದರದ್ದು ಹೊಗೆಗೆ ಮಾತ್ರ.
ಕೇಳಿದ್ದರೆ ಹೇಳುತ್ತಿದ್ದೆ."

ಹೊಸ ಹುಳಕ್ಕೆ ನಿನ್ನ ಹೆಸರಿಡಲೇ ಅಂದೆ.
"ಅಯ್ಯೋ, ನನ್ನದು ಯಾಕೆ, ಅತ್ತೆಯದ್ದಿಡು.
ಅವಳೂ ಹಿಡಿದದ್ದು ಬಿಟ್ಟವಳಲ್ಲ."
ಕಟ್ಟೆಯೆಲ್ಲ ನಕ್ಕಿತು. ಐಸು ಹೊಡೆಯುತ್ತಿದ್ದ ಹುಡುಗನೂ.

ಆ ನಗುವಿನ ನಡುವೆಯೇ ನೋಡಿದೆ, ಬಲ ಬುಟ್ಟಿ ಖಾಲಿ.
ಹೋದ ವಾರವೂ ಖಾಲಿ.
"ಟ್ರಾಲರಿನವರು," ಅಂದಳು, ಅಷ್ಟೇ.
ಮೋಟುಕೊಕ್ಕೆಯವು ನನ್ನ ಸೀಸೆಯಲ್ಲಿ ಹನ್ನೊಂದಿವೆ.
ಮನೆ ಮುಳುಗಿದರೆ ಬಾಡಿಗೆಯವರೂ ಮುಳುಗುತ್ತಾರೆ,
ಪಟ್ಟಿಯಲ್ಲಿ ಹೆಸರು ಸೇರುವ ಮೊದಲೇ.

ಇವತ್ತು ಎಡದ್ದರಲ್ಲಿ ಒಂದು ಸಿಕ್ಕಿದೆ, ಒಂದೇ ಒಂದು.
ಎಸಳು ಐದೋ, ಹರಿದ ನಾಲ್ಕೋ.
ಯಾವ ಕುಲಕ್ಕೂ ಹೊಂದುವುದಿಲ್ಲ.
ಬಿಸಿನೀರು ಹೊಯ್ದೆ, ಮೈ ಸಡಿಲಿಸಿತು.
ಪೆನ್ಸಿಲ್ಲಿನಲ್ಲಿ ಚೀಟಿ ಬರೆದೆ; ಶಾಯಿ ಸ್ಪಿರಿಟ್ಟಿನಲ್ಲಿ ಕರಗುತ್ತದೆ.
ಗಣ: ಗೊತ್ತಿಲ್ಲ.
ಕುಲ: ಗೊತ್ತಿಲ್ಲ.
ಆಶ್ರಯ ಕೊಟ್ಟ ಮೀನು: ತೊರಕೆ, ಹೆಣ್ಣು,
ರಬೈಯಾಳ ಎಡ ಬುಟ್ಟಿ.