ನಾಲ್ಕನೇ ಜ್ವರ

ಮರೆತು ತಂದದ್ದು. ಶಿಫ್ಟು ಮುಗಿದ ಮೇಲೆ
ಬಾಯ್ಲರ್ ಮನೆಯ ಕಪಾಟಿನಲ್ಲಿಟ್ಟು ಸಹಿ ಹಾಕಬೇಕಿದ್ದ
ಬೆಂಕಿಪೊಟ್ಟಣಕ್ಕಿಂತ ಕೊಂಚ ದಪ್ಪದ ಹಳದಿ ಡಬ್ಬಿ
ಅಂಗಿಯ ಜೇಬಿಗೆ ಕಚ್ಚಿಕೊಂಡೇ
ಮಂಡ್ಯದಿಂದ ಕಿರುಗಾವಲಿನ ತನಕ ಬಸ್ಸಿನಲ್ಲಿ ನಿಂತು ಬಂತು.

ಅಕ್ಕ ದೇವೀರಮ್ಮನ ಹುಳುಮನೆ.
ಥಂಡಿಗೆಂದು ಕಿಟಕಿಗೆ ಗೋಣಿ, ಗೋಣಿಯ ಮೇಲೆ ಪ್ಲಾಸ್ಟಿಕ್ಕು,
ಬಾಗಿಲ ಸಂದಿಗೆ ಹಳೇ ಸೀರೆ.
ನಡುವೆ ಬಾಂಡಲಿಯಲ್ಲಿ ಇದ್ದಲು,
ಹೊಗೆಯಿಲ್ಲ, ಕಮಟಿಲ್ಲ, ಸಾಧುವಿನಂತೆ ಕೆಂಪಗೆ.
ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ.
ಸೊಪ್ಪು ಮೇಯುವ ಜಡಿಮಳೆ ಸದ್ದು ನಿಂತು
ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿ
ಯಾರೋ ಕರೆದರೆಂದು ಆಲಿಸುವ ಹಾಗೆ.

"ಮೂರು ದಿವಸದಿಂದ ತಲೆ ಸಿಡೀತದೆ ಕಣೋ.
ಹೊಲದತ್ತ ಹೋದರೆ ಇಲ್ಲ, ಒಳಕ್ಕೆ ಬಂದರೆ ಶುರು.
ಯಾರ ಕಣ್ಣು ಬಿತ್ತೋ."
ಕೆನ್ನೆ ಕೆಂಪಗಿತ್ತು. ಬೆಂಕಿ ಕಾಯಿಸಿಕೊಂಡಿದ್ದಾಳೆ
ಅಂದುಕೊಂಡೆ ನಾನೂ,
ಇಪ್ಪತ್ತು ವರ್ಷ ಬೆಂಕಿಯ ಬಾಯಲ್ಲಿ ನಿಂತವನು.

ಹೊಸಿಲು ದಾಟಿದೆ. ಎದೆಯ ಮೇಲೆ ಕಿರುಚಿತು.
ಮೂವತ್ತೈದಕ್ಕೆ ಒಮ್ಮೆ. ಒಲೆಯ ಹತ್ತಿರ
ಇನ್ನೂರ ಹತ್ತಕ್ಕೆ ಬಿಡುವಿಲ್ಲದೆ.
"ಫೋನು ಎತ್ತೋ" ಅಂದಳು ಅಕ್ಕ.

ಹೇಗೆ ಹೇಳಲಿ,
ಇದಕ್ಕೆ ಬಣ್ಣವಿಲ್ಲ, ನಾತವಿಲ್ಲ, ಕೆಮ್ಮೂ ಬರಿಸದು;
ಉಸಿರು ಕೂರುವ ಜಾಗದಲ್ಲಿ ಮೊದಲೇ ಬಂದು ಕೂತು
ಏಳು ಅಂದರೆ ಏಳದು.
ನೆತ್ತರಿಗೂ ಗಾಳಿಗಿಂತ ಇದರ ಮೇಲೇ
ಇನ್ನೂರು ಪಟ್ಟು ಮೋಹ.

ಸೆರಗು ಒದ್ದೆ ಮಾಡಿ ಮೂಗಿಗೆ ಕಟ್ಟಿ
ಬಾಂಡಲಿ ಎತ್ತಲು ಹೋದಳು.
ಬಟ್ಟೆ ಬೂದಿಯನ್ನು ಹಿಡಿದೀತು ಅಕ್ಕ, ಇದನ್ನಲ್ಲ.
ಹೋದ ವರ್ಷ ಹೊಗೆಗಾಲುವೆಗೆ ಇಳಿದ ಕೆಂಪಾಜಿ
ಧೂಳಿನ ಮಾಸ್ಕು ಹಾಕಿಕೊಂಡೇ ಮಲಗಿದ್ದ.
ಎಳೆದು ತಂದ ನಮ್ಮಿಬ್ಬರ ಬೆನ್ನಿಗೆ ಗಾಳಿಯ ಸಿಲಿಂಡರು;
ಅರ್ಧ ಗಂಟೆಯಷ್ಟು ಗಾಳಿ,
ಬರದ ನಲ್ಲಿಯ ನೀರಿನಂತೆ ಅಳೆದು ಅಳೆದು ಕುಡಿದೆವು.
ಅವನ ಮುಖ ಮದುವೆಗಂಡಿನ ಹಾಗೆ ಕೆಂಪಗಿತ್ತು.

ಇದನ್ನು ಹೇಳಲಿಲ್ಲ. ರಟ್ಟೆ ಹಿಡಿದು ಹೊರಕ್ಕೆ ದಬ್ಬಿದೆ.
ಹೊರಗೇ ಉಸಿರು ತುಂಬಿ, ಬಿಗಿಹಿಡಿದು, ಒಳಹೊಕ್ಕು
ಗೋಣಿ ಹರಿದೆ, ಓಡಿ ಬಂದೆ,
ಮತ್ತೆ ತುಂಬಿ, ಮತ್ತೆ ಹೊಕ್ಕು, ಇನ್ನೊಂದು ಕಿಟಕಿ.
"ನೂರೈವತ್ತು ಮೊಟ್ಟೆ ಹುಳ ಕಣೋ, ಥಂಡಿ ಹೊಡೀತದೆ!"
ಬೈದಳು, ಅತ್ತಳು, ಅಂಗಳದಲ್ಲೇ ವಾಂತಿ ಮಾಡಿಕೊಂಡಳು.
ಆಸ್ಪತ್ರೆಯಲ್ಲಿ ಆಮ್ಲಜನಕದ ಮಾಸ್ಕಿನೊಳಗಿಂದಲೂ
ಹುಳುವಿನದೇ ವಿಚಾರ.

ಎರಡು ತಟ್ಟೆ ಜ್ವರದಿಂದ ಏಳಲಿಲ್ಲ. ತಿಪ್ಪೆಗೆ ಸುರಿದೆ.
ಮಿಕ್ಕವು ಮೂರನೇ ದಿನ ತಲೆ ಬಾಗಿಸಿ
ಮಳೆ ಶುರುಮಾಡಿದವು.

"ಆ ಡಬ್ಬಿಗೆ ಎಷ್ಟಾಗ್ತದೆ? ರೂಪಾಯಿ ಬೇಡ,
ಗೂಡಿನ ಲೆಕ್ಕದಲ್ಲಿ ಹೇಳು."
ಹದಿನೆಂಟು ಕೆ.ಜಿ. ಅಂದೆ.
ಸೊಪ್ಪು ಹರವುತ್ತಾ ಬಹಳ ಹೊತ್ತು ಸುಮ್ಮನಿದ್ದು,
"ಆಗಲಿ. ಮನೇಲಿ ಕೂಗೋದಕ್ಕೆ ಒಂದು ಪ್ರಾಣಿ ಇರಲಿ" ಅಂದಳು.