ಚೀಟಿಯಲ್ಲಿ ಬರೆಯಬೇಕಾದ ಹೆಸರು

ಎಪ್ಪತ್ತೆರಡನೇ ಪೆಟ್ಟಿಗೆ. ಮುಚ್ಚಳ ತೆಗೆದರೆ
ನುಸಿಗುಳಿಗೆಯ ವಾಸನೆ, ಹಳೇ ಟ್ರಂಕಿನದು, ಮದುವೆ ಸೀರೆಯದು.
ಹದಿನಾಲ್ಕು ಹುಳು, ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು.
ಹಸಿರು ಅನ್ನುವಷ್ಟರಲ್ಲಿ ತಾಮ್ರ,
ತಾಮ್ರ ಅಂದರೆ ನೇರಳೆ.
ಟ್ಯೂಬ್‌ಲೈಟು ಮಿಟುಕಿತು. ಹದಿನಾಲ್ಕೂ ಒಟ್ಟಿಗೆ
ಬಣ್ಣ ಬದಲಿಸಿ ಮತ್ತೆ ಸುಮ್ಮನಾದವು.

"ಲ್ಯಾಟಿನ್ ಇದೆ, ಸಾಕಾಗಲ್ಲ," ಅಂದರು ಉಮಾಪತಿ ಸರ್.
"ಮೇಳಕ್ಕೆ ಶಾಲೆ ಮಕ್ಕಳು ಬರ್ತಾರೆ. ಕನ್ನಡದ ಹೆಸರು ಬರಿ."

ಬರೆದೆ: ಜೀರುಂಡೆ.
ತೀರ್ಥಹಳ್ಳಿಯ ವಾರಿಜ ಹೆಗಲ ಮೇಲಿಂದ ಬಗ್ಗಿ ನಕ್ಕಳು.
"ಅಯ್ಯ, ಜೀರುಂಡೆ ಅಂದ್ರೆ ಕೂಗೋದು ಕಣೆ.
ಸಂಜೆ ಆದ್ರೆ ಕಾಡಿಗೆ ಕಾಡೇ ಗರಗಸ ಎಳೆದ ಹಂಗೆ.
ಹುಟ್ಟಿದಾಗಿಂದ ಕೇಳಿದೀನಿ, ಒಂದನ್ನೂ ನೋಡಿಲ್ಲ.
ಇದು ಬಾಯಿಲ್ಲದ್ದು."
ಅವಳಿಗದು ಸದ್ದು, ನನಗದು ಬಣ್ಣ.
ಅವಳ ಊರಿಗೂ ನನ್ನ ಊರಿಗೂ ನಡುವೆ ಎರಡು ಬಸ್ಸು.
ದಾರಿಯಲ್ಲಿ ಎಲ್ಲೋ, ಆಯನೂರಿನ ಹತ್ತಿರವೋ ಏನೋ,
ಒಂದು ಹುಳು ಇಳಿದು ಇನ್ನೊಂದು ಹತ್ತಿದೆ.
ಟಿಕೇಟು ಮಾತ್ರ ಅದೇ.

ಹೊಡೆದುಹಾಕಿದೆ. ಬರೆದೆ: ಜೀರ್ಜಿಂಬೆ.
ಶಿರಾಳಕೊಪ್ಪದಲ್ಲಿ ನಾವು ಅನ್ನುತ್ತಿದ್ದದ್ದು ಹೀಗೆ,
ಜಾಲಿ ಗಿಡದ ಬುಡದಲ್ಲಿ, ಮುಳ್ಳಿಗೆ ಹೆದರಿಕೊಂಡು,
ಅದಕ್ಕೆ ಕೇಳಿಸದ ಹಾಗೆ.
ಜಾಮಿಟ್ರಿ ಬಾಕ್ಸಿಗೆ ಕೈವಾರದ ಮೊನೆಯಲ್ಲಿ ತೂತು,
ಒಳಗೆ ನಾಲ್ಕು ಜಾಲಿ ಎಲೆ. ಗಣಿತದ ಪೀರಿಯಡ್ಡಿನ ತುಂಬ
ತಗಡು ಕೆರೆಯುವ ಕಾಲು.
ಮೊಟ್ಟೆ ಇಟ್ಟರೆ ಎಣಿಸಿ ಸಾಲ ಕೊಡುತ್ತಿದ್ದೆವು.
ಮೆಹರೂನ್ ಇನ್ನೂ ಮೂರು ಕೊಡಬೇಕು.

ಕಸ ಗುಡಿಸುತ್ತಿದ್ದ ಹಾಲೇಶಪ್ಪ ಪೊರಕೆ ನಿಲ್ಲಿಸಿ,
"ನಮ್ ಕಡೆ ಜೀರಂಗಿ ಅಂತೀವಿ ಮೇಡಂ."
ಗಾಂಧಿ ಬಜಾರಿನಲ್ಲಿ ಜರಿ ಕೆಲಸದ ದಿಲ್ಶಾದಮ್ಮ
ಫೋನಿನ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ,
"ಹೆಸರು ಯಾರಿಗೆ ಗೊತ್ತು? ನಮ್ಮ ನಾನಿ ಇದರ ರೆಕ್ಕೆ ಕತ್ತರಿಸಿ
ರವಿಕೆ ಅಂಚಿಗೆ ಹೊಲೀತಿದ್ಲು. ಚಮಕಿ ಅಂತಿದ್ಲು."
ನಿಘಂಟು ತೆಗೆದೆ. ಪುಟ ಪುಟಕ್ಕೆ ಅಂಟಿತ್ತು.
ಒಂದು ಬಗೆಯ ಹುಳು, ಎಂದಿತ್ತು. ಅಷ್ಟೇ.
ಇಷ್ಟು ಹೊಳೆಯುವುದಕ್ಕೆ ಇಷ್ಟು ಮಬ್ಬು ಅರ್ಥ.

ಅಮ್ಮನ ಬಳಕೆ ನಿಘಂಟಿನಲ್ಲಿಲ್ಲ.
ಹೊಸ ಸೀರೆಯುಟ್ಟು ಹೊಸ್ತಿಲು ದಾಟುವ ಸೋದರತ್ತೆಗೆ
"ಬಂದ್ಲು ನೋಡು ಜೀರ್ಜಿಂಬೆ."
ಹೊಗಳಿಕೆಯೋ ಬೈಗುಳವೋ ಅತ್ತೆಗೆ ಕೊನೆತನಕ ತಿಳಿಯಲಿಲ್ಲ.
ಅಮ್ಮನಿಗೂ.

ಹಳೇ ಚೀಟಿಗೆ ಭೂತಗನ್ನಡಿ ಹಿಡಿದೆ.
ಸಾವಿರದ ಒಂಬೈನೂರ ಎಂಬತ್ತೊಂದು. ಶಾಯಿ
ಚಹಾ ಚೆಲ್ಲಿದ ಕಲೆಯಾಗಿದೆ.
ಹುಳು ಮಾಸಿಲ್ಲ. ಸರ್ ಹೇಳಿದ್ದರು ಒಮ್ಮೆ,
ಇದರಲ್ಲಿ ಬಣ್ಣವೇ ಇಲ್ಲ,
ಬೆನ್ನಿನ ಪದರಗಳಲ್ಲಿ ಬೆಳಕು ಮಡಚಿಕೊಳ್ಳುವ ರೀತಿ ಅಷ್ಟೇ,
ಮಾಸುವುದಕ್ಕೆ ಏನಿದೆ, ಅಂತ.

ಒಂಬತ್ತನೆಯದರ ಕತ್ತಿನ ಸಂದಿನಲ್ಲಿ ಏನೋ.
ಮುರಿದ ಕಾಲು ಅಂದುಕೊಂಡೆ. ಧೂಳು ಅಂದುಕೊಂಡೆ.
ದಾರ.
ಕೆಂಪು ದಾರ, ಎರಡು ಸುತ್ತು, ಎಡಚರ ಗಂಟು,
ತುದಿ ಹಲ್ಲಲ್ಲಿ ಕಡಿದದ್ದು.

ಯಾರೋ ಇದನ್ನು ಹಾರಿಸಿದ್ದಾರೆ,
ತಲೆಯ ಸುತ್ತ ಗುಂಯ್ ಎಂದು, ವಾರಿಜ, ಬಾಯಿಲ್ಲದ್ದನ್ನ.
ಯಾರೋ ನಾಕಾಣೆಗೆ ಮಾರಿದ್ದಾರೆ,
ಬಲೆ ಹಿಡಿದು ಬಂದ ಕಾಲೇಜಿನವನಿಗೆ.
ಕೊಡುವ ಮುಂಚೆ ಒಂದು ಸಲ ಹೆಸರು ಹಿಡಿದು ಕರೆದಿರಬೇಕು,
ಯಾವ ಹೆಸರೋ.

ಕನ್ನಡದ ಜಾಗದಲ್ಲಿ ಮೂರೂ ಬರೆದೆ, ಪೆನ್ಸಿಲಿನಲ್ಲಿ,
ನನ್ನ ನಂತರ ಕೂರುವವರಿಗೆ ಅಳಿಸಲಿಕ್ಕಾಗಲಿ ಅಂತ.
ಸಂಗ್ರಾಹಕರು ಅನ್ನುವಲ್ಲಿ ಖಾಲಿ ಇತ್ತು.
ಅಲ್ಲಿ ಮಾತ್ರ ಶಾಯಿ:
ದಾರ ಕಟ್ಟಿದವರು.

ವಾರಿಜ ಓದಿದಳು, ಏನೂ ಅನ್ನಲಿಲ್ಲ.
ಕಿಟಕಿಯಾಚೆ, ನವಿಲೆಯ ತೇಗದ ಮರಗಳಲ್ಲಿ
ಅವಳ ಜೀರುಂಡೆ ಶುರುವಾಗಿತ್ತು.