ಎಂಬತ್ತೇಳನೇ ಅಡಿಯ ನಳ್ಳಿ

ಬೆಳಗಿನ ಆರಕ್ಕೆ ಮಾಪಕ ಓದಬೇಕು.
ಕನ್ನಂಬಾಡಿ ಕಟ್ಟೆಯ ಒಳಗೋಡೆಗೆ ಬಗ್ಗಿ,
ಬಳಿದ ಗೆರೆಯನ್ನು ನೀರು ಎಲ್ಲಿ ಮುಟ್ಟಿದೆಯೆಂದು
ಬರಿಗಣ್ಣಲ್ಲಿ ನೋಡಿ ಹೇಳಬೇಕು.
ಫೋನಿನ ಆ ಕಡೆ ಮಂಡ್ಯದ ಆಫೀಸು,
ಅದರಾಚೆ ಬೆಂಗಳೂರು, ಅದರಾಚೆ ದಿಲ್ಲಿ.
ನಾನು ಅಡಿ ಅಂದರೆ ಅವರು ಟಿಎಂಸಿ ಅನ್ನುತ್ತಾರೆ.

ನಮ್ಮವ್ವ ಒಂದ್ಸಲ ಕೇಳಿದಳು:
"ಕ್ಯೂಸೆಕ್ ಅಂದ್ರೆ ಎಷ್ಟು ಬಿಂದಿಗೆ ಕಣ್ಲಾ?"
ಲೆಕ್ಕ ಹಾಕಿದೆ. ಎರಡು.
ಒಂದು ಚಿಟಿಕೆ ಹೊಡೆಯೋದರೊಳಗೆ ಎರಡು ಬಿಂದಿಗೆ.
"ಐದು ಸಾವ್ರ ಅಂದ್ರೆ ಹತ್ತು ಸಾವ್ರ ಬಿಂದಿಗೆಯಾ?
ಅಷ್ಟು ಹೆಂಗಸ್ರು ಎಲ್ಲವ್ರೆ?" ಅಂದಳು,
ನಲ್ಲಿ ಮುಂದಿನ ಸಾಲನ್ನಷ್ಟೇ ಕಂಡವಳು.

ಆದೇಶ ಬರೋದು ಸಾಯಂಕಾಲ.
ಅದರ ಬೆನ್ನಿಗೆ ಹದಿನೆಂಟುನೂರ ತೊಂಬತ್ತೆರಡರ ಒಪ್ಪಂದ,
ಮಹಾರಾಜರ ಕಾಲದ್ದು, ಮದ್ರಾಸಿನ ದೊರೆಗಳ ರುಜು;
ಆಮೇಲೆ ಇಪ್ಪತ್ನಾಲ್ಕರದು, ನ್ಯಾಯಮಂಡಳಿ, ಪ್ರಾಧಿಕಾರ,
ಸುಪ್ರೀಂ ಕೋರ್ಟು. ಕೊನೆಗೆ ಒಂದೇ ಸಾಲು:
ಇಂತಿಷ್ಟು ಬಿಡತಕ್ಕದ್ದು.
ತಕ್ಕದ್ದು ಅನ್ನೋ ಪದಕ್ಕೆ ಕೈಯಿಲ್ಲ.
ಗೇಟಿನ ಗುಂಡಿ ಒತ್ತುವ ಕೈ ನನ್ನದು.

ಅವತ್ತು ರಾತ್ರಿ ನಾಲೆ ಇಳಿಸಿ ಹೊಳೆಗೆ ಬಿಟ್ಟೆವು.
ಆ ನಾಲೆಯ ಕೆಳಗೇ ನಮ್ಮದೂ ಒಂದೂವರೆ ಎಕರೆ,
ನಾಟಿಯಾಗಿ ಹದಿನೆಂಟು ದಿನ.
ಬೆಳಗ್ಗೆ ಸಂಜಯ ವೃತ್ತದಲ್ಲಿ ಟೈರು ಉರಿಯಿತು,
ನಮ್ಮ ಭಾವ ಹೊಂಬಾಳೇಗೌಡ ರಸ್ತೆಗೆ ಅಡ್ಡ ಮಲಗಿದ.
ಸಂಜೆ ಮನೆಗೆ ಬಂದು, ಉಂಡು, ಕೈ ತೊಳೆಯುತ್ತ
"ನಿಂದೇನು ತಪ್ಪಿಲ್ಲ ಬುಡು" ಅಂದ.
ನಾಲ್ಕು ದಿನಕ್ಕೆ ಅದೊಂದೇ ಮಾತು.

ಬಿಳಿಗುಂಡ್ಲುವಿನಲ್ಲಿ ಅಳೆಯುವವನು ಪಳನಿವೇಲು.
ಮುಖ ಕಂಡಿಲ್ಲ. ಕೆಮ್ಮು ಗೊತ್ತು.
"ಇನ್ನೂರು ಕಮ್ಮಿ ಬಂದದೆ ಅಣ್ಣ" ಅಂತಾನೆ, ಎಳೆದೆಳೆದು.
ಮರಳು ಕುಡೀತು ಅಂತೀನಿ. ಬಿಸಿಲು ಕುಡೀತು.
ರಂಗನತಿಟ್ಟಿನ ಕೊಕ್ಕರೆ, ಮುತ್ತತ್ತಿಯ ಆನೆ,
ದಾರೀಲಿ ಬಾಯಾರಿದ ಯಾವುದಕ್ಕೂ
ಆದೇಶ ತೋರಿಸಲಿಲ್ಲ ನೀರು.
ನಗುತ್ತಾನೆ. ನಕ್ಕು, ಇನ್ನೂರು ಕಮ್ಮಿ ಅಂತಲೇ ಬರೀತಾನೆ.
ನಾನಾಗಿದ್ದರೂ ಹಾಗೇ ಬರೀತಿದ್ದೆ.
ಅವನ ಊರು ಮೆಟ್ಟೂರಿನ ಕೆಳಗಂತೆ. ಅಲ್ಲೂ ನಾಟಿಯಂತೆ.

ಇವತ್ತು ಆರಕ್ಕೆ ಬಗ್ಗಿದರೆ
ಎಂಬತ್ತೇಳರ ಗೆರೆಯ ಮೇಲೊಂದು ನಳ್ಳಿ,
ಕೊಂಡಿ ಅಗಲಿಸಿ, ಅಂಕಿಯನ್ನೇ ಮುಚ್ಚಿ ಕೂತಿದೆ.
ಅಟ್ಟಬಹುದಿತ್ತು. ಕಡ್ಡಿ ಕೈಲೇ ಇತ್ತು.
ಫೋನು ಎರಡು ಸಲ ಬಡಕೊಂಡು ಸುಮ್ಮನಾಯಿತು.
ಅದರ ಮೂರು ಕಾಲು ನೀರೊಳಗೆ, ಮಿಕ್ಕವು ಮೇಲೆ,
ಅಲೆ ಬಂದಾಗ ಲೆಕ್ಕ ತಪ್ಪುತ್ತಿತ್ತು.
ಮತ್ತೆ ಫೋನು. "ಏನಯ್ಯಾ, ಎಷ್ಟು?" ಅಂದಿತು ಮಂಡ್ಯ.
ತಡೀರಿ ಸಾರ್, ಅಂದೆ,
ಇನ್ನೂ ಓದ್ತಾ ಇದೀನಿ.